ಝುಮ್ರದಳ ಬಯಕೆಯ ಅಕ್ಕಿ

ಹಿಮ ಬೀಳುವ, ಕೆಂಪಕ್ಕಿ ಬೆಳೆಯುವ ನಮ್ಮ ಊಜ್ಗೆನ್ ಕಡೆ ಯಾರ ಮನೆಗೆ ಹೋದರೂ ಮೊದಲು ಕೈಗೆ ಬರುವುದು ಚಹಾದ ಬಟ್ಟಲು. ಮಗು ಹುಟ್ಟಿದ ಮನೆಯಲ್ಲೂ ಚಹಾ, ಹೆಣ ಎತ್ತಿದ ಮನೆಯಲ್ಲೂ ಚಹಾ. ಜಗಳಕ್ಕೆಂದೇ ಬಂದವನು ಕೂಡ ಎರಡು ಬಟ್ಟಲು ಕುಡಿದು, ಬಾಯಿ ಒರೆಸಿಕೊಂಡು, ಆಮೇಲೆ ಬೈಯಲು ಶುರು ಮಾಡುತ್ತಾನೆ. ಇರಲಿ, ದೊಡ್ಡವರು ಕುಡಿದರೆ ಕುಡಿಯಲಿ. ಅದೇ ಚಹಾ ಹಲ್ಲು ಬಾರದ ಕೂಸಿನ ಬಾಯಿಗೂ ಹೋಗುತ್ತದಲ್ಲ, ನನಗೆ ಮೈ ಉರಿಯುವುದು ಅಲ್ಲಿ. ರೊಟ್ಟಿಯ ಮೆತ್ತನೆಯ ಭಾಗ ಕಿತ್ತು, ಸಕ್ಕರೆ ಹಾಕಿದ ಚಹಾದಲ್ಲಿ ನೆನೆಸಿ, ಬೆರಳ ತುದಿಯಿಂದ ಮಗುವಿನ ಬಾಯಿಗೆ ಇಡುತ್ತಾರೆ. ಮಗು ಚಪ್ಪರಿಸುತ್ತದೆ, ಮಲಗುತ್ತದೆ. ಮಲಗಿತಲ್ಲ, ಹಾಗಾದರೆ ಹೊಟ್ಟೆ ತುಂಬಿತು ಎಂದು ಮನೆಯವರು ಅಂದುಕೊಳ್ಳುತ್ತಾರೆ.

ರಿಸಾಲತ್ ಕೂಡ ಹಾಗೇ ಅಂದುಕೊಂಡಿದ್ದಳು. ಗಂಡ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಇದ್ದೊಬ್ಬ ಮಗ ತುರ್ಸುನ್ ಭತ್ತದ ಗದ್ದೆ ನೋಡಿಕೊಂಡಿದ್ದ. ಸೊಸೆ ಝುಮ್ರದ್ ಹೋದ ಬೇಸಿಗೆಯಲ್ಲಿ ಚೊಚ್ಚಲ ಹೆರಿಗೆಗೆಂದು ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ರಕ್ತ ಹೋಯಿತು, ನಿಲ್ಲಲಿಲ್ಲ. ಮೊದಲೇ ಅವಳ ಮೈಯಲ್ಲಿ ರಕ್ತ ತೀರಾ ಕಡಿಮೆ ಇತ್ತು, ಅಷ್ಟು ಹೋದ ಮೇಲೆ ತಡೆದುಕೊಳ್ಳುವ ಶಕ್ತಿ ಉಳಿಯಲಿಲ್ಲ ಎಂದು ಡಾಕ್ಟರು ಹೇಳಿದರು. ಒಂದು ಕೈಯಲ್ಲಿ ಸೊಸೆಯ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಮೊಮ್ಮಗಳು, ಹಾಗೆ ರಿಸಾಲತ್ ಮನೆಗೆ ಬಂದಳು. ಮಗುವಿಗೆ ಓಯ್ದಿನ್ ಎಂದು ಹೆಸರಿಟ್ಟರು. ಹೆಸರಿಡುವ ದಿನ ಯಾರ ಮುಖದಲ್ಲೂ ನಗು ಇರಲಿಲ್ಲ.

ಮೊದಮೊದಲು ಡಬ್ಬಿ ಹಾಲು ಕುಡಿಸಿದರು. ಆಮೇಲೆ ಮನೆಯ ಹಸುವಿನ ಹಾಲು. ಆರು ತಿಂಗಳು ತುಂಬಿ ಬಾಯಿಗೆ ಏನಾದರೂ ಇಡಬೇಕು ಅನ್ನುವ ಹೊತ್ತಿಗೆ ರೊಟ್ಟಿ, ಚಹಾ ಶುರುವಾಯಿತು. ರಿಸಾಲತ್ ತನ್ನ ಮಗನನ್ನು ಬೆಳೆಸಿದ್ದು ಹಾಗೆ, ಅವಳ ಅಮ್ಮ ಅವಳನ್ನು ಬೆಳೆಸಿದ್ದೂ ಹಾಗೇ. ಈಗ ಓಯ್ದಿನಳಿಗೆ ಒಂಬತ್ತು ತಿಂಗಳು. ತೊಟ್ಟಿಲಲ್ಲಿ ಬಟ್ಟೆಪಟ್ಟಿ ಬಿಗಿದು ಮಲಗಿಸಿದರೆ ಮಧ್ಯಾಹ್ನದವರೆಗೂ ಅಲ್ಲಾಡದೆ ಮಲಗಿರುತ್ತಿದ್ದಳು. ಅಳು ಇಲ್ಲ, ಹಟ ಇಲ್ಲ. ಅಕ್ಕಪಕ್ಕದ ಹೆಂಗಸರು ಬಂದು ನೋಡಿ, "ಎಂಥಾ ಸಾಧು ಮಗು, ಥೇಟ್ ತಾಯಿ ಹಂಗೇ" ಅನ್ನುತ್ತಿದ್ದರು. ಆ ಮಾತು ಕೇಳಿದರೆ ರಿಸಾಲತಳಿಗೆ ಸಂಕಟವೂ ಆಗುತ್ತಿತ್ತು, ಸಮಾಧಾನವೂ ಆಗುತ್ತಿತ್ತು.

ಇನ್ನೊಂದು ವಿಷಯ ಹೇಳಿಬಿಡಬೇಕು. ಒಳಕೋಣೆಯಲ್ಲಿ, ಹಾಸಿಗೆಗಳನ್ನು ಮಡಿಸಿಡುವ ಪೆಟ್ಟಿಗೆಯ ಮೇಲೆ, ಬಿಳಿ ಬಟ್ಟೆಯ ಒಂದು ಮೂಟೆ ಇತ್ತು. ಶರತ್ಕಾಲದಲ್ಲಿ ಗದ್ದೆ ಕೊಯ್ದಾಗ ಮೊದಲ ರಾಶಿಯಿಂದಲೇ ತೆಗೆದ ಕೆಂಪಕ್ಕಿ. ರಿಸಾಲತ್ ಕಲ್ಲು ಆರಿಸಿ, ನುಚ್ಚು ಕೇರಿ, ಒಂದೇ ಒಂದು ಮುರುಕು ಕಾಳು ಉಳಿಯದ ಹಾಗೆ ಮಾಡಿ ಮೂಟೆಯ ಬಾಯಿ ಹೊಲಿದಿದ್ದಳು. ಝುಮ್ರದ್ ತೀರಿಕೊಂಡು ವರ್ಷ ತುಂಬುವ ದಿನ ಊರಿಗೆಲ್ಲ ಪಲಾವ್ ಬಡಿಸಲಿಕ್ಕೆ ಆ ಅಕ್ಕಿ. ನಮ್ಮಲ್ಲಿ ಸತ್ತವರ ಹೆಸರು ಹೇಳಿ ಎತ್ತಿಟ್ಟ ಧಾನ್ಯವನ್ನು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ಉಳಿದ ಅಕ್ಕಿಯೆಲ್ಲ ಮಾರಾಟವಾಗಿತ್ತು, ನುಚ್ಚು ಕೋಳಿಗೆ ಹೋಗಿತ್ತು. ಮನೆಯಲ್ಲಿ ಅಕ್ಕಿ ಅಂತ ಇದ್ದಿದ್ದು ಆ ಮೂಟೆಯೊಂದೇ.

ಹಿಮ ಕರಗಿ ಓಣಿಯೆಲ್ಲ ಕೆಸರಾಗಿದ್ದ ಒಂದು ಬೆಳಿಗ್ಗೆ ಇನೋಬತ್ ಬಂದಳು. ಎರಡು ಮನೆ ಆಚೆಯವಳು. ಬಟ್ಟೆ ಹೊಲಿಯುವುದು ಅವಳ ಕಸುಬು, ಬಾಯಿ ಮಾತ್ರ ಕತ್ತರಿಗಿಂತ ಹರಿತ. ಊರಿನ ಆರೋಗ್ಯ ಸಮಿತಿಗೆ ಸೇರಿದ ಮೇಲೆ ತಿಂಗಳಿಗೊಮ್ಮೆ ತೂಗುತಕ್ಕಡಿ ಹೆಗಲಿಗೆ ಹಾಕಿಕೊಂಡು ಮನೆಮನೆ ಸುತ್ತುತ್ತಿದ್ದಳು.

"ರಿಸಾಲತಕ್ಕಾ, ಇದ್ದೀರಾ?"

"ಇರದೆ ಎಲ್ಲಿಗೆ ಹೋಗ್ಲಿ, ಬಾ. ಕೆಸರಿನ ಬೂಟು ಹೊರಗೇ ಬಿಡು, ಈಗಷ್ಟೇ ಗುಡಿಸಿದೀನಿ."

"ನಿಮ್ಮ ಮನೆ ಯಾವಾಗ ಬಂದ್ರೂ ಈಗಷ್ಟೇ ಗುಡಿಸಿರುತ್ತೆ. ಎಲ್ಲಿ ನಮ್ಮ ರಾಣಿ?"

ತೊಟ್ಟಿಲಿನಿಂದ ಎತ್ತಿ, ಪಟ್ಟಿ ಬಿಚ್ಚಿ, ಬಟ್ಟೆಯ ಜೋಲಿಯಲ್ಲಿ ಕೂರಿಸಿ ಇನೋಬತ್ ಮಗುವನ್ನು ತೂಗಿದಳು. ಮುಳ್ಳು ನಿಂತಿತು. ಅವಳು ಬಗ್ಗಿ ನೋಡಿದಳು, ಮಗುವನ್ನು ಇಳಿಸಿ ಇನ್ನೊಮ್ಮೆ ತೂಗಿದಳು.

"ಹೋದ ಸಲ ಎಲ್ಲಿತ್ತೋ ಅಲ್ಲೇ ಇದೆ ಅಕ್ಕಾ. ಅದಕ್ಕೂ ಹಿಂದಿನ ಸಲವೂ ಅಲ್ಲೇ ಇತ್ತು."

"ನಿನ್ನ ತಕ್ಕಡಿ ಕೆಟ್ಟಿರ್ಬೇಕು. ಬಜಾರಿನಲ್ಲಿ ಈರುಳ್ಳಿ ತೂಗೋದು ತಾನೇ ಅದು?"

"ಈಗ ತಾನೇ ಮೂಲೆಮನೆ ಹುಡುಗನ್ನ ತೂಗಿ ಬಂದೆ, ಅವನಿಗೆ ಸರಿಯಾಗೇ ತೋರಿಸ್ತು. ಏನು ತಿನ್ನಿಸ್ತೀರಾ ಇವಳಿಗೆ?"

"ಎಲ್ಲರೂ ಏನು ತಿನ್ನಿಸ್ತಾರೋ ಅದೇ. ರೊಟ್ಟಿ, ಚಹಾ. ಹಾಲೂ ಕುಡೀತಾಳೆ."

"ಎಷ್ಟು ಸಲ?"

"ಕೇಳಿದಾಗೆಲ್ಲ ಕೊಡ್ತೀನಮ್ಮ, ಉಪವಾಸ ಕೆಡವಿದೀನಾ ನಾನು?"

"ಕೇಳ್ತಾಳಾ?"

ರಿಸಾಲತ್ ಉತ್ತರ ಹೇಳಲು ಬಾಯಿ ತೆರೆದಳು. ಮಗು ಯಾವತ್ತು ಹಸಿದು ಅತ್ತಿದ್ದು ಎಂದು ನೆನಪು ಮಾಡಿಕೊಂಡರೆ ನೆನಪಾಗಲಿಲ್ಲ. "ಕೇಳಲ್ಲ ಪಾಪ," ಎಂದಳು. "ಸಾಧು."

ಇನೋಬತ್ ಮಗುವಿನ ಅಂಗೈ ಬಿಡಿಸಿ ತನ್ನ ಅಂಗೈ ಪಕ್ಕ ಇಟ್ಟು ತೋರಿಸಿದಳು. ಹೊಲಿದು ಹೊಲಿದು ಒರಟಾದ ಅವಳ ಅಂಗೈಯಲ್ಲೂ ಕೆಂಪು ಇತ್ತು. ಮಗುವಿನದು ರೊಟ್ಟಿಯ ಹಿಟ್ಟಿನ ಬಣ್ಣ. ಕೆಳಗಿನ ರೆಪ್ಪೆ ಸರಿಸಿದಳು, ಒಳಗೂ ಬಿಳುಪು.

"ಅಕ್ಕಾ, ಕೋಪ ಮಾಡ್ಕೋಬೇಡಿ. ಇವಳು ಸಾಧು ಅಲ್ಲ. ಅಳೋಕೆ ಇವಳಿಗೆ ತ್ರಾಣ ಇಲ್ಲ. ಈ ವಯಸ್ಸಿಗೆ ಕೂತ್ಕೋಬೇಕು, ತೆವಳಬೇಕು, ಚಹಾದ ಬಟ್ಟಲು ಉರುಳಿಸಿ ನಿಮ್ಮ ಕೈಲಿ ಬೈಸ್ಕೋಬೇಕು."

"ಚಹಾ ಕುಡಿದ್ರೆ ಏನಾಗುತ್ತೆ? ನಾವೆಲ್ಲ ಚಹಾ ಕುಡಿದೇ ಬೆಳೆದ್ವಿ."

"ಬೆಳೆದೋರು ಇಲ್ಲಿ ಕೂತು ಮಾತಾಡ್ತಿದೀವಿ. ಬೆಳೀದೆ ಹೋದೋರು ಬಂದು ಹೇಳ್ತಾರಾ?"

ಇನೋಬತ್ ದನಿ ತಗ್ಗಿಸಿ ಬಿಡಿಸಿ ಹೇಳಿದಳು. ಊಟದಲ್ಲಿ ರಕ್ತ ಕಟ್ಟುವ ಕಬ್ಬಿಣದ ಸತ್ವ ಇರುತ್ತದೆ, ಚಹಾ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಪುಟ್ಟ ಹೊಟ್ಟೆಗೆ ನೀರು ತುಂಬಿಸಿದರೆ ಹಸಿವು ಸತ್ತುಹೋಗುತ್ತದೆ, ಊಟಕ್ಕೆ ಜಾಗ ಇರುವುದಿಲ್ಲ. ಆರು ತಿಂಗಳಾದ ಮೇಲೆ ಹಾಲಿನ ಜೊತೆಗೆ ಮಗುವಿಗೆ ಗಟ್ಟಿಯಾದ ಊಟ ಬೇಕು. ಅಕ್ಕಿ, ಹೆಸರುಕಾಳು ಹಾಕಿ ಗಂಜಿ ಮಾಡಿ ಕೊಡಬೇಕು.

"ಅಕ್ಕಿ ಶೀತ ಕಣೇ. ಎಳೇ ಮಗುವಿಗೆ ಎದೆ ಕಟ್ಟುತ್ತೆ."

"ಬಿಸಿಬಿಸಿ ಬೇಯಿಸಿ ಕೊಟ್ಟ ಗಂಜಿ ಎಲ್ಲಿಯ ಶೀತ? ಮೂರು ಹೊತ್ತು ಅಕ್ಕಿ ತಿಂದು ಬೆಳೆಯೋ ಮಕ್ಕಳು ಲೋಕದಲ್ಲಿ ಎಷ್ಟಿಲ್ಲ. ನಾವು ಅಕ್ಕಿ ಬೆಳೆಯೋರು ಅಕ್ಕಾ. ಬಂದ ನೆಂಟರಿಗೆಲ್ಲ ಕಡಾಯಿ ತುಂಬ ಪಲಾವ್ ಮಾಡ್ತೀವಿ, ಮನೆ ಕೂಸಿಗೆ ಮಾತ್ರ ಚಹಾ. ಇದು ಯಾವ ಸೀಮೆ ನ್ಯಾಯ?"

"ಮನೇಲಿ ಅಕ್ಕಿ ಇಲ್ಲ."

ಇನೋಬತಳ ಕಣ್ಣು ತೆರೆದ ಬಾಗಿಲಿನಿಂದ ಒಳಕೋಣೆಯತ್ತ ಹೋಯಿತು. ಬಿಳಿ ಮೂಟೆ ಕಾಣುತ್ತಿತ್ತು.

"ಅದರ ಮಾತು ಎತ್ಬೇಡ," ಎಂದಳು ರಿಸಾಲತ್. "ಅದು ಅವಳ ಪಾಲು."

"ಸರಿ, ಎತ್ತಲ್ಲ. ನಮ್ಮನೆಯಿಂದ ಒಂದು ಬಟ್ಟಲು ತರ್ತೀನಿ."

"ಅಕ್ಕಿ ಬೆಳೆಯೋ ಮನೆಗೆ ಅಕ್ಕಿ ದಾನ ತರ್ತೀಯಾ? ನನ್ನ ಮಾನ ತೆಗೀಬೇಡ. ಹೋಗು, ನಿನಗೆ ಹೊಲಿಗೆ ಇಲ್ವಾ?"

ಇನೋಬತ್ ತಕ್ಕಡಿ ಹೆಗಲಿಗೇರಿಸಿ ಎದ್ದಳು. ಚಹಾ ಕುಡಿಯದೆ ಹೊರಟಳು. ನಮ್ಮ ಕಡೆ ಯಾರಾದರೂ ಚಹಾ ಕುಡಿಯದೆ ಎದ್ದು ಹೋದರೆ ಅದು ಮುಖಕ್ಕೆ ಹೊಡೆದ ಹಾಗೆ.

ಮಧ್ಯಾಹ್ನ ತುರ್ಸುನ್ ಊಟಕ್ಕೆ ಬಂದ. ಹೆಂಡತಿ ಹೋದ ಮೇಲೆ ಅವನ ಮಾತೆಲ್ಲ ಕಮ್ಮಿಯಾಗಿತ್ತು. ಗದ್ದೆಯ ಬದು ಸರಿ ಮಾಡುವುದು, ಬಂದು ತಿನ್ನುವುದು, ಮತ್ತೆ ಹೋಗುವುದು. ಆ ದಿನ ಅದೇನು ಅನ್ನಿಸಿತೋ, ಕೈ ತೊಳೆದು ಬಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಕೂರಿಸಿದರೆ ಅವಳು ಪಕ್ಕಕ್ಕೆ ಜಾರಿದಳು. ಮತ್ತೆ ಕೂರಿಸಿದ, ಮತ್ತೆ ಜಾರಿದಳು. ಅವನು ಅವಳ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟು ಉಜ್ಜಿದ. ಬಹಳ ಹೊತ್ತು ಉಜ್ಜಿದ.

"ಅಮ್ಮಾ, ಇವಳ ಕೈ ಯಾವಾಗ್ಲೂ ಹಿಂಗೇ ತಣ್ಣಗಿರುತ್ತಾ?"

"ಚಳಿ ಕಣೋ."

"ಒಲೆ ಪಕ್ಕ ಕೂತಿದೀವಲ್ಲಮ್ಮ." ಮಗಳ ಕೈ ಬಿಡದೆ ಹೇಳಿದ, "ಝುಮ್ರದ್ ಕೈನೂ ಹಿಂಗೇ ಇರ್ತಿತ್ತು. ಬೇಸಿಗೇಲೂ. ನಾನು ತಮಾಷೆ ಮಾಡ್ತಿದ್ದೆ, ಬಾವಿ ನೀರಲ್ಲಿ ಕೈ ಅದ್ದಿಕೊಂಡು ಬಂದೆಯಾ ಅಂತ."

ರಿಸಾಲತಳ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಸೊಸೆಯ ಮುಖ ಕಣ್ಣಮುಂದೆ ಬಂತು. ಎಲ್ಲರಿಗೂ ಚಹಾ ಬಗ್ಗಿಸಿ, ತಲೆ ಬಾಗಿಸಿ, ಬಾಗಿಲ ಬಳಿ ನಿಲ್ಲುತ್ತಿದ್ದ ಹುಡುಗಿ. ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ರೊಟ್ಟಿ ಚೂರನ್ನು ಚಹಾದಲ್ಲಿ ಅದ್ದುತ್ತಿದ್ದಳು. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಂತುಬಿಡುತ್ತಿದ್ದಳು. ನಾಚಿಕೆ ಸ್ವಭಾವ, ಮೆದು ಹುಡುಗಿ, ಒಳ್ಳೇ ಮನೆತನದ್ದು ಎಂದು ರಿಸಾಲತ್ ಎಲ್ಲರ ಹತ್ತಿರ ಹೊಗಳಿಕೊಂಡಿದ್ದಳು. ಅದು ಸ್ವಭಾವ ಅಲ್ಲ, ಸುಸ್ತು ಎಂದು ಯಾರಿಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಇನೋಬತ್. ಬೈದು ಕಳಿಸಿದರೂ ಬಂದಿದ್ದಳು. ಒಂದು ಕೈಯಲ್ಲಿ ಅಕ್ಕಿಯ ಬಟ್ಟಲು, ಇನ್ನೊಂದು ಕೈಯಲ್ಲಿ ಹೆಸರುಕಾಳಿನ ಪೊಟ್ಟಣ.

"ಬೈಯೋದಿದ್ರೆ ಬೈಯಿರಿ ಅಕ್ಕಾ, ನಾನು ಇದನ್ನ ಇಟ್ಟೇ ಹೋಗೋದು."

"ಏನದು?" ಎಂದ ತುರ್ಸುನ್.

"ನಿನ್ನ ಮಗಳಿಗೆ ಗಂಜಿ ಮಾಡೋಕೆ. ನಿಮ್ಮನೇಲಿ ಅಕ್ಕಿ ಇಲ್ವಂತೆ."

ತುರ್ಸುನ್ ತಾಯಿಯ ಮುಖ ನೋಡಿದ. "ಅಕ್ಕಿ ಇದೆಯಲ್ಲಮ್ಮ. ಒಳಗೆ ಅಷ್ಟು ದೊಡ್ಡ ಮೂಟೆ."

"ಅದನ್ನ ಮುಟ್ಟಕೂಡದು."

"ವರ್ಷದೂಟಕ್ಕೆ ಬೇರೆ ತಂದ್ರಾಯ್ತು. ಇಲ್ಲಾಂದ್ರೆ ನಾಲ್ಕು ಜನಕ್ಕೆ ಕಮ್ಮಿ ಬಡಿಸಿದ್ರಾಯ್ತು."

"ಮುಟ್ಟಕೂಡದು ಅಂದೆ ತಾನೇ?"

ರಿಸಾಲತ್ ಹಾಸಿನ ಮೇಲೆ ಕುಸಿದು ಕೂತಳು. ಆಮೇಲೆ ಬಂದ ಮಾತನ್ನು ಅವಳು ಅದುವರೆಗೆ ಯಾರ ಹತ್ತಿರವೂ ಆಡಿರಲಿಲ್ಲ.

"ಅವಳು ನನ್ನ ಕೇಳಿದ್ಲು ಕಣೋ. ಬಸುರಿ ಇದ್ದಾಗ. ಎಂದೂ ಏನೂ ಕೇಳದೋಳು ಒಂದಿನ ಅಡುಗೆಮನೇಲಿ ನನ್ನ ಸೆರಗು ಹಿಡಿದು, ಅತ್ತೆಮ್ಮಾ, ಹಾಲುಗಂಜಿ ತಿನ್ನೋ ಆಸೆ ಆಗಿದೆ ಅಂದ್ಲು. ಮನೇಲಿ ನೆಂಟರಿಗೆ ಅಂತ ಇಟ್ಟಿದ್ದ ಒಂದು ಗಡಿಗೆ ಅಕ್ಕಿ ಇತ್ತು. ನಾನು, ಹೊಸ ಅಕ್ಕಿ ಬರ್ಲಿ ಕಣೇ, ಹೊಟ್ಟೆ ತುಂಬ ಮಾಡಿಕೊಡ್ತೀನಿ ಅಂದೆ. ಆಯ್ತು ಅತ್ತೆಮ್ಮಾ ಅಂದ್ಲು. ಇನ್ನೊಂದ್ಸಲ ಕೇಳಲಿಲ್ಲ. ಹೊಸ ಅಕ್ಕಿ ಬರೋ ಹೊತ್ತಿಗೆ ಅವಳೇ ಇರಲಿಲ್ಲ. ಆ ಅಕ್ಕಿ ಅವಳದು. ಅದನ್ನ ನಾನು ಇನ್ನೊಬ್ಬರಿಗೆ ಹೇಗೆ ಕೊಡ್ಲಿ?"

ತುರ್ಸುನ್ ಗೋಡೆಯ ಕಡೆ ಮುಖ ತಿರುಗಿಸಿದ. ಅವನಿಗೆ ಈ ವಿಷಯ ಗೊತ್ತಿರಲಿಲ್ಲ. ಝುಮ್ರದ್ ಅವನ ಹತ್ತಿರ ಕೂಡ ಹೇಳಿರಲಿಲ್ಲ.

ಇನೋಬತ್ ಅಕ್ಕಿಯ ಬಟ್ಟಲನ್ನು ನೆಲಕ್ಕಿಟ್ಟು ರಿಸಾಲತಳ ಪಕ್ಕ ಬಂದು ಕೂತಳು.

"ಒಂದು ಬಟ್ಟಲು ಗಂಜಿ ಕೊಟ್ಟಿದ್ರೆ ಅವಳು ಉಳೀತಿದ್ಲು ಅಂತ ನಾನು ಹೇಳಲ್ಲ ಅಕ್ಕಾ. ಆ ಪಾಪ ನಾನು ಕಟ್ಕೊಳ್ಳಲ್ಲ. ಒಂದು ಮಾತು ಕೇಳ್ತೀನಿ. ಬಸುರಿ ಬಯಕೆ ಒಬ್ಬಳದೇ ಆಗಿರುತ್ತಾ? ಹೊಟ್ಟೇಲಿ ಇದ್ದೋಳೂ ಕೇಳಿದ್ದಲ್ವಾ ಅದು? ಕೇಳಿದೋರು ಇಬ್ಬರು. ಒಬ್ಬಳು ಹೋದ್ಲು. ಇನ್ನೊಬ್ಬಳು ನಿಮ್ಮ ಮಗನ ತೊಡೆ ಮೇಲೆ ಇದ್ದಾಳೆ."

ರಿಸಾಲತ್ ಮಗುವಿನ ಕಡೆ ನೋಡಿದಳು. ಓಯ್ದಿನ್ ಅಪ್ಪನ ತೋಳಿಗೆ ಒರಗಿಕೊಂಡು, ಅರೆಗಣ್ಣು ಬಿಟ್ಟು, ಯಾರನ್ನೂ ನೋಡದೆ ನೋಡುತ್ತಿದ್ದಳು. ಇಷ್ಟು ಗದ್ದಲದಲ್ಲೂ ಅವಳು ಅತ್ತಿರಲಿಲ್ಲ. ರಿಸಾಲತ್ ಎದ್ದು ಒಳಕೋಣೆಗೆ ಹೋದಳು. ಮೂಟೆಯನ್ನು ಕತ್ತರಿಸಲಿಲ್ಲ. ಹೊಲಿಗೆಯನ್ನು ಉಗುರಿನಿಂದ ಒಂದೊಂದಾಗಿ ಬಿಡಿಸಿದಳು. ಬಿಡಿಸುತ್ತಾ ಅಳುತ್ತಿದ್ದಳು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಸೊಸೆಯ ಹತ್ತಿರ ಏನು ಹೇಳಿಕೊಂಡಳೋ ಅವಳಿಗೇ ಗೊತ್ತು.

"ನಿನ್ನ ಬಟ್ಟಲು ತಗೊಂಡು ಹೋಗು ಇನೋಬತ್," ಎಂದಳು ಹೊರಬಂದು. ಅವಳ ಸೆರಗಿನಲ್ಲಿ ಕೆಂಪಕ್ಕಿ ಇತ್ತು. "ಹೇಗೆ ಮಾಡಬೇಕು ಹೇಳು."

"ಐವತ್ತು ವರ್ಷ ಅಡುಗೆ ಮಾಡಿದೋರಿಗೆ ನಾನು ಹೇಳಿಕೊಡ್ಬೇಕಾ?"

"ಹೇಳು ಅಂದ್ರೆ ಹೇಳೇ."

ಇನೋಬತ್ ಅಂಗಿಯ ತೋಳು ಮಡಿಸಿದಳು. ಒಂದು ಹಿಡಿ ಅಕ್ಕಿ ತೊಳೆದರು. ಅದರ ಅರ್ಧದಷ್ಟು ಹೆಸರುಕಾಳನ್ನು ಬಿಸಿನೀರಿನಲ್ಲಿ ನೆನೆಯಲು ಬಿಟ್ಟು, ಕಾಳು ಉಬ್ಬಿದ ಮೇಲೆ ಎರಡನ್ನೂ ಸಣ್ಣ ಪಾತ್ರೆಗೆ ಹಾಕಿದರು. ಧಾರಾಳ ನೀರು. ಒಂದು ಗಜ್ಜರಿ ತುರಿದು ಸೇರಿಸಿದರು. ತುರ್ಸುನ್ ಹೊರಗೆ ಹೋಗಿ ಸೌದೆ ತಂದು ಒಲೆ ಮುಂದೆ ಹಾಕಿದ, ತಾಯಿಯ ಮುಖ ನೋಡಲಿಲ್ಲ. ಅವಳೂ ಅವನನ್ನು ಕರೆಯಲಿಲ್ಲ.

"ಝುಮ್ರದ್ ಕೇಳಿದ್ದು ಹಾಲುಗಂಜಿ," ಎಂದಳು ರಿಸಾಲತ್ ಪಾತ್ರೆ ನೋಡುತ್ತಾ.

"ಕೊನೇಲಿ ಒಂಚೂರು ಹಾಲು ಹಾಕೋಣ. ಬರೀ ಹಾಲು ಅಕ್ಕಿಯಿಂದ ರಕ್ತ ಆಗಲ್ಲ ಅಕ್ಕಾ, ಅದಕ್ಕೇ ಕಾಳು. ಇದು ಅಭ್ಯಾಸ ಆದ್ಮೇಲೆ ಒಂದಿನ ಬೆಂದ ಮೊಟ್ಟೆ ಕಿವುಚಿ ಹಾಕಿ, ಒಂದಿನ ಕುರಿ ಲಿವರು ಚೆನ್ನಾಗಿ ಬೇಯಿಸಿ ನುಣ್ಣಗೆ ಅರೆದು ಒಂದು ಚಮಚ ಹಾಕಿ. ಉಪ್ಪೂ ಬೇಡ, ಸಕ್ಕರೆಯೂ ಬೇಡ. ವರ್ಷ ತುಂಬೋವರೆಗೆ ಜೇನುತುಪ್ಪ ಅಂತೂ ನಾಲಿಗೆಗೆ ಮುಟ್ಟಿಸ್ಬೇಡಿ."

"ಇಷ್ಟೊಂದು ಬೇಯಬೇಕಾ?"

"ಅಕ್ಕಿ ಒಡೆದು ಕಾಳು ಕರಗಿಹೋಗ್ಬೇಕು. ಆಮೇಲೆ ಸೌಟಿನ ಬೆನ್ನಲ್ಲಿ ಮಸೆದುಬಿಡಿ. ಒಂದು ಚಮಚ ಬೆಣ್ಣೆ. ಹಾಂ, ನೀರು ಸುರಿದು ತೆಳ್ಳಗೆ ಮಾಡ್ಬೇಡಿ, ಅದೇ ತಪ್ಪು ಎಲ್ಲರೂ ಮಾಡೋದು. ಚಮಚ ಓರೆ ಮಾಡಿದ್ರೆ ಗಂಜಿ ಸುರೀಬಾರದು, ಅಂಟಿಕೊಂಡಿರ್ಬೇಕು. ತೆಳ್ಳಗಿನ ಗಂಜಿ ಅಂದ್ರೆ ಅದೂ ನೀರೇ."

ಗಂಜಿ ಆರಿತು. ರಿಸಾಲತ್ ತನ್ನ ತುಟಿಗೆ ಮುಟ್ಟಿಸಿ ಬಿಸಿ ನೋಡಿಕೊಂಡು ಚಮಚದ ತುದಿಯಲ್ಲಿ ಒಂಚೂರು ಮಗುವಿನ ಬಾಯಿಗೆ ಇಟ್ಟಳು. ನಾಲಿಗೆ ಅದನ್ನು ಹೊರಗೆ ತಳ್ಳಿತು. ಇನ್ನೊಮ್ಮೆ ಇಟ್ಟಳು, ಇನ್ನೊಮ್ಮೆ ತಳ್ಳಿತು. ಗಲ್ಲದ ಮೇಲೆಲ್ಲ ಗಂಜಿ.

"ನೋಡು, ಬೇಡ ಅಂತಾಳೆ."

"ಬೇಡ ಅನ್ನೋದಲ್ಲ ಅದು, ಗೊತ್ತಿಲ್ಲ ಅನ್ನೋದು. ಚಹಾ ಬಿಟ್ಟು ಇನ್ನೇನು ಕಂಡಿದೆ ಆ ಬಾಯಿ? ಬಲವಂತ ಮಾಡ್ಬೇಡಿ, ಮಾತಾಡಿಸ್ತಾ ಕೊಡಿ. ಇವತ್ತು ಎರಡು ಚಮಚ ಇಳಿದ್ರೂ ಸಾಕು. ನಾಳೆ ಬೆಳಿಗ್ಗೆ ರೆಡಿ ಇರಿ, ಆರೋಗ್ಯ ಕೇಂದ್ರಕ್ಕೆ ಹೋಗೋಣ. ರಕ್ತ ನೋಡಿ ಹನಿ ಔಷಧಿ ಕೊಡ್ತಾರೆ. ಇವಳು ಇಷ್ಟು ಸೊರಗಿರುವಾಗ ಬರೀ ಗಂಜಿ ಸಾಲದು."

ಕೊನೆಗೂ ಒಂದು ಚೂರು ಒಳಗೆ ಹೋಯಿತು. ಗಂಟಲು ಏರಿಳಿದದ್ದು ಕಂಡಿತು. ಆಮೇಲೆ ಇನ್ನೊಂದು ಚೂರು. ರಿಸಾಲತ್ ಗಲ್ಲ ಒರೆಸುತ್ತಾ, "ತಿನ್ನವ್ವ, ನಿಂದೇ ಇದು, ನಿಂದೇ," ಎನ್ನುತ್ತಿದ್ದಳು.

ಮಾರನೆಯ ದಿನವೇ ಎಲ್ಲ ಸರಿಹೋಯಿತು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಕೆಲವು ದಿನ ಮಗು ಏನನ್ನೂ ನುಂಗಲಿಲ್ಲ. ಒಮ್ಮೆ ಜ್ವರ ಬಂತು, ಅಕ್ಕಿಯ ಶೀತವೇ ಹತ್ತಿತು ಎಂದು ರಿಸಾಲತ್ ಹೆದರಿ ಚಹಾದ ಪಾತ್ರೆಗೆ ಕೈ ಹಾಕಿದಳು, ಮತ್ತೆ ಹಿಂದೆ ತೆಗೆದಳು. ಓಣಿಯಲ್ಲಿ ಹೆಂಗಸರು, "ಸತ್ತೋಳ ಹೆಸರಿನ ಮೂಟೆ ಒಡೆದ್ಲಂತೆ, ಏನು ಧೈರ್ಯ," ಎಂದು ಆಡಿಕೊಂಡರು. ತಂದೂರಿನ ಹತ್ತಿರ ರೊಟ್ಟಿ ಬಡಿಯುವಾಗ ಒಬ್ಬಳು ಮುಖದ ಮೇಲೇ ಕೇಳಿದಳು. ರಿಸಾಲತ್, "ಹೌದು ಒಡೆದೆ. ಇನ್ನೂ ಮೊದಲೇ ಒಡೀಬೇಕಿತ್ತು," ಎಂದು ಹೇಳಿ ತನ್ನ ರೊಟ್ಟಿ ಎತ್ತಿಕೊಂಡು ಬಂದಳು.

ಗದ್ದೆಗೆ ನೀರು ಬಿಟ್ಟು ನಾಟಿ ಶುರುವಾಗುವ ಹೊತ್ತಿಗೆ ತಕ್ಕಡಿಯ ಮುಳ್ಳು ಅಲ್ಲಾಡಿತು. ಒಂದು ದಿನ ಗಂಜಿ ಆರಲು ತಡವಾಯಿತು, ಓಯ್ದಿನ್ ಮುಖ ಕೆಂಪು ಮಾಡಿಕೊಂಡು ಕಿರುಚಿದಳು. ಆ ಕಿರುಚಾಟಕ್ಕೆ ತುರ್ಸುನ್ ಅಂಗಳದಿಂದ ಓಡಿ ಬಂದ. ಒಲೆ ಮುಂದೆ ತಾಯಿ ಬಟ್ಟಲು ಹಿಡಿದುಕೊಂಡು ಅಳುತ್ತಿದ್ದಳು. "ಹಸಿವಂತೆ ಕಣೋ," ಎಂದಳು. "ನಿನ್ನ ಮಗಳಿಗೆ ಹಸಿವಂತೆ." ಅವನು ತಾಯಿಯ ಪಕ್ಕ ಕೂತು ಬಟ್ಟಲಿಗೆ ಗಾಳಿ ಊದಿದ. ಮೂಟೆ ಬಿಚ್ಚಿದ ಆ ಮಧ್ಯಾಹ್ನದಿಂದ ಈಚೆಗೆ ಅವರಿಬ್ಬರೂ ಒಟ್ಟಿಗೆ ಕೂತದ್ದು ಅದೇ ಮೊದಲು.

ವರ್ಷದ ದಿನ ಬಂತು. ಕಡಾಯಿ ಚಿಕ್ಕದಿತ್ತು. ಪಲಾವ್ ಎಲ್ಲರಿಗೂ ಸಾಲಲಿಲ್ಲ, ಕೊನೆಯ ಪಂಕ್ತಿಯವರಿಗೆ ಸಾರು ರೊಟ್ಟಿ ಕೊಟ್ಟರು. ರಿಸಾಲತ್ ಯಾರ ಮುಂದೆಯೂ ನೆಪ ಹೇಳಲಿಲ್ಲ. ಪ್ರಾರ್ಥನೆ ಮುಗಿದು ಗಂಡಸರು ಹೊರಟ ಮೇಲೆ ಝುಮ್ರದಳ ತಾಯಿ ಹುಸ್ನಿಯಾ ಒಳಗೆ ಬಂದಳು. ದೂರದ ಹಳ್ಳಿಯವಳು, ಚಳಿಗಾಲದಲ್ಲಿ ಒಮ್ಮೆ ಬಂದು ಮೊಮ್ಮಗಳನ್ನು ನೋಡಿ ಹೋಗಿದ್ದಳು. ಅವತ್ತು ಬಾಯಿ ಬಿಟ್ಟು ಏನೂ ಹೇಳದಿದ್ದರೂ, ಈ ಮಗುವೂ ನಮಗೆ ಉಳಿಯುವುದಿಲ್ಲ ಎಂದು ದಾರಿಯುದ್ದಕ್ಕೂ ಅತ್ತುಕೊಂಡು ಹೋಗಿದ್ದಳು. ಈಗ ನೋಡಿದರೆ ಮಗು ಹಾಸಿನ ಅಂಚು ಹಿಡಿದು ನಿಂತಿತ್ತು. ಕಾಲು ನಡುಗುತ್ತಿತ್ತು, ಆದರೂ ನಿಂತಿತ್ತು.

ಹುಸ್ನಿಯಾ ಮಗುವನ್ನು ಎತ್ತಿಕೊಂಡು ಅದರ ಅಂಗೈಗೆ ಮುತ್ತಿಟ್ಟಳು. ರಿಸಾಲತ್ ಗಂಜಿಯ ಬಟ್ಟಲು ಹಿಡಿದುಕೊಂಡು ಅವಳೆದುರು ಕೂತಳು.

"ಬೀಗಿತ್ತೀ, ನಿಮ್ಮ ಹತ್ತಿರ ಒಂದು ಮಾತು ಹೇಳ್ಬೇಕು. ಬಸುರಿ ಇದ್ದಾಗ ನಿಮ್ಮ ಮಗಳು ನನ್ನ ಹತ್ತಿರ ಇದನ್ನ ಕೇಳಿದ್ಲು. ನಾನು ಮಾಡಿಕೊಡಲಿಲ್ಲ. ಆಮೇಲೆ ಮಾಡ್ತೀನಿ ಅಂದೆ."

ಹೊರಗೆ ಯಾರೋ ಕಡಾಯಿ ತಿಕ್ಕುವ ಸದ್ದು ಕೇಳುತ್ತಿತ್ತು. ಹುಸ್ನಿಯಾಳ ಕಣ್ಣಿಂದ ನೀರು ಇಳಿದು ಮಗುವಿನ ತಲೆಯ ಮೇಲೆ ಬಿತ್ತು, ಮಗು ತಲೆ ಎತ್ತಿ ನೋಡಿತು.

"ನನ್ನ ಹತ್ತಿರ ಕೇಳಿದ್ರೆ ನಾನೂ ಹಾಗೇ ಅಂತಿದ್ದೆ," ಎಂದಳು. "ಅವಳನ್ನ ಚಹಾ ಕುಡಿಸಿ ಬೆಳೆಸಿದೋಳು ನಾನೇ ಅಲ್ವಾ? ಮೆದು ಹುಡುಗಿ ಅಂತ ನಿಮ್ಮ ಕೈಗೆ ಕೊಟ್ಟೋಳೂ ನಾನೇ." ಸೆರಗಿನಿಂದ ಮುಖ ಒರೆಸಿಕೊಂಡು ಕೈ ಚಾಚಿದಳು. "ಕೊಡಿ ಆ ಬಟ್ಟಲು. ಇವಳಿಗೆ ನಾನು ತಿನ್ನಿಸ್ತೀನಿ. ಹೇಗೆ ಮಾಡಿದ್ರಿ, ಅದನ್ನೂ ಹೇಳಿ. ನಮ್ಮನೇಲಿ ಸೊಸೆ ಬಸುರಿ ಇದ್ದಾಳೆ."

ಅಕ್ಕಂದಿರೇ, ಅಮ್ಮಂದಿರೇ, ಇದನ್ನು ಓದುತ್ತಿರುವವರೇ, ಯಾರಾದರೂ ಓದಿ ಹೇಳುವುದನ್ನು ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಆರು ತಿಂಗಳು ದಾಟಿದ ಕೂಸು ಇರಬಹುದು. ಎದೆಹಾಲು ನಿಲ್ಲಿಸಬೇಡಿ, ಅದರ ಜೊತೆಗೆ ಗಟ್ಟಿ ಗಂಜಿ ಶುರು ಮಾಡಿ. ಅಕ್ಕಿ ಇದ್ದರೆ ಅಕ್ಕಿ, ಜೊತೆಗೆ ಯಾವುದಾದರೂ ಕಾಳು, ಒಂದು ತರಕಾರಿ, ಒಂದು ಚಮಚ ಬೆಣ್ಣೆಯೋ ಎಣ್ಣೆಯೋ. ಮೊಟ್ಟೆ ಮಾಂಸ ತಿನ್ನುವವರಾದರೆ ಅದನ್ನೂ ನುಣ್ಣಗೆ ಮಾಡಿ ಕೊಡಿ. ಚಹಾ ಮಾತ್ರ ಬೇಡ. ಮಗು ತೀರಾ ಸುಮ್ಮನಿದ್ದರೆ, ಅಂಗೈ ಬಿಳುಚಿಕೊಂಡಿದ್ದರೆ ಹೊಗಳುತ್ತಾ ಕೂರದೆ ಆರೋಗ್ಯ ಕೇಂದ್ರಕ್ಕೆ ಎತ್ತಿಕೊಂಡು ಹೋಗಿ. ಬಸುರಿ ಸೊಸೆಗೆ ಎಲ್ಲರಿಗಿಂತ ಮೊದಲು ಬಡಿಸಿ, ಅವಳು ಬಾಯಿ ಬಿಟ್ಟು ಕೇಳುವವರೆಗೆ ಕಾಯಬೇಡಿ.

ಸತ್ತವರಿಗೆ ನಾವು ಏನು ಬಡಿಸಿದರೂ ಅವರು ಬಂದು ಉಣ್ಣುವುದಿಲ್ಲ. ಬದುಕಿರುವವರು ಎದುರಿಗೇ ಇದ್ದಾರೆ. ಏಳಿ, ಈಗಲೇ ಒಂದು ಹಿಡಿ ಅಕ್ಕಿ ತೊಳೆದು ಒಲೆಗಿಡಿ.